ಒರಳಿಗೆ ಬಿದ್ದ ಜೋಳದ ಬಿಸ್ಕತ್ತು

ಕಳೆದ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಯಾರೋ ನಮ್ಮ ಮನೆಯ ಬಾಗಿಲು ಬಡಿದರು. ತೆರೆದೆ. ಗುರುತಿಲ್ಲದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಮೂವತ್ತರ ಆಸುಪಾಸಿನ ವಯಸ್ಸು, ಬಸ್ಸಿನಲ್ಲಿ ಕೂತು ಮುದುಡಿದ ಸೀರೆ, ಕೈಯಲ್ಲಿ ಸ್ಟೀಲಿನ ಡಬ್ಬಿ.

“ಪೇಪರ್‌ನ್ಯಾಗ ಬರಿಯೋ ಅಕ್ಕಾರು ನೀವ ಏನ್ರಿ?”

ಹೀಗೆ ಕೇಳಿದರೆ ಯಾವ ಅಂಕಣಕಾರ್ತಿ ತಾನೇ ಕರಗದೆ ಇರುತ್ತಾಳೆ? ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ, ಮನೆ ಹುಡುಕಿಕೊಂಡು ಬಂದ ಮೊದಲ ಓದುಗರು ಇವರೇ. ಸೆರಗು ಸರಿ ಮಾಡಿಕೊಂಡೆ. ಒಳಗೆ ಕೂಡಿಸಿದೆ. ಮಗಳು ಪಲ್ಲವಿಗೆ ನೀರು ತರಲು ಹೇಳಿದೆ. ಹೇಳುವಾಗ ದನಿ ಯಾಕೋ ರೇಡಿಯೋದವರ ದನಿಯ ಹಾಗಿತ್ತು. (ನಮ್ಮ ಮನೆಯವರು ಪೇಪರಿನ ಮರೆಯಲ್ಲಿ ನಕ್ಕದ್ದು ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದಾರೆ.)

ಆಕೆಯ ಹೆಸರು ರತ್ನವ್ವ. ಊರು ಕುಲಗೋಡ. ಮೊದಲ ಬಸ್ಸಿಗೆ ಹೊರಟು ಗೋಕಾಕಕ್ಕೆ ಬಂದು, ಪೇಪರ್ ಮಾರುವ ಅಂಗಡಿಯಲ್ಲಿ ವಿಳಾಸ ಕೇಳಿ, ನಾಲ್ಕು ಓಣಿ ಸುತ್ತಿ ನಮ್ಮ ಮನೆ ಹಿಡಿದಿದ್ದಳು. ನೀರು ಕುಡಿದವಳೇ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

“ಒಂದ ತಗೊಂಡು ನೋಡ್ರಿ.”

ಬಿಸ್ಕತ್ತು. ದುಂಡಗೆ, ಕಂದು ಬಣ್ಣಕ್ಕೆ, ನೋಡಲು ಚೆಂದ. ಒಂದನ್ನು ಎತ್ತಿಕೊಂಡು ಕಡಿದೆ. ಅಂದರೆ, ಕಡಿಯಲು ಹೋದೆ. ಬಿಸ್ಕತ್ತು ಜಗ್ಗಲಿಲ್ಲ. ಬಲದವಡೆಗೆ ಹಾಕಿದೆ. ಇಲ್ಲ. ಎಡದವಡೆ. ಊಹೂಂ. ಹೆಂಚಿನ ಚೂರು ಬಾಯಲ್ಲಿಟ್ಟುಕೊಂಡ ಹಾಗೆ. ಕೊನೆಗೆ ಅತ್ಯಂತ ಗೌರವದಿಂದ ಅದನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ.

“ಏನಿದು?” ಅಂದೆ.

“ನಿಮ್ಮ ಬಿಸ್ಕೀಟ್ರಿ,” ಅಂದಳು ರತ್ನವ್ವ.

ಹೌದು, ನನ್ನದೇ. ಎರಡು ವಾರದ ಹಿಂದೆ ಇದೇ ಜಾಗದಲ್ಲಿ ಬೇಕರಿ ತಿನಿಸುಗಳ ಮೇಲೆ ನಾನು ಎಷ್ಟು ಆವೇಶದಿಂದ ಹರಿಹಾಯ್ದಿದ್ದೆ ಎಂಬುದು ನಿಮಗೆ ನೆನಪಿರಬಹುದು. ಕ್ರೀಮ್ ಬಿಸ್ಕತ್ತು, ಚಾಕಲೇಟು, ಬಣ್ಣದ ಕೇಕು, ಒಂದನ್ನೂ ಬಿಟ್ಟಿರಲಿಲ್ಲ. ಅಮ್ಮಂದಿರೇ ಎದ್ದೇಳಿ, ಮನೆಯಲ್ಲೇ ಮಾಡಿ ಎಂದು ಕರೆ ಕೊಟ್ಟಿದ್ದೆ. (ಕರದಂಟಿನ ಊರಿನಲ್ಲಿ ಕೂತು ಸಿಹಿಯ ವಿರುದ್ಧ ಬರೆಯುವುದಕ್ಕೆ ಧೈರ್ಯ ಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೂ ಉಂಟು.) ಕೊನೆಗೆ ಜೋಳದ ಬಿಸ್ಕತ್ತಿನ ವಿಧಾನ ಕೊಟ್ಟಿದ್ದೆ. ಎರಡು ವಾಟಗ (ಅಂದರೆ ಬಟ್ಟಲು) ಜೋಳದ ಹಿಟ್ಟು, ಒಂದು ವಾಟಗ ಪುಡಿಬೆಲ್ಲ, ಎರಡೇ ಚಮಚ ತುಪ್ಪ, ಕಲಸಲು ಹಾಲು. ಕುಕ್ಕರಿನ ತಳಕ್ಕೆ ಉಸುಕು ಹಾಕಿ, ಸೀಟಿ ತೆಗೆದು, ಒಳಗೆ ತಟ್ಟೆ ಇಟ್ಟು ಬೇಯಿಸುವುದು. ಓವನ್ ಯಾರ ಮನೆಯಲ್ಲಿದೆ? “ನನ್ನ ಮಗಳು ಇದನ್ನು ತಿಂದ ಮೇಲೆ ಬೇಕರಿಯ ದಾರಿಯನ್ನೇ ಮರೆತಿದ್ದಾಳೆ” ಎಂದು ಮುಗಿಸಿದ್ದೆ.

ಪ್ರತಿಕ್ರಿಯೆ ಭರ್ಜರಿಯಾಗಿತ್ತು. ಹುಕ್ಕೇರಿಯಿಂದ ನನ್ನ ತಂಗಿ ಫೋನ್ ಮಾಡಿ ಹತ್ತು ನಿಮಿಷ ಹೊಗಳಿದಳು. “ಮಾಡಿ ನೋಡಿದೇನ?” ಅಂತ ಕೇಳಿದೆ. “ಇಲ್ಲವಾ, ಓದೇನಿ,” ಅಂದಳು. ನಮ್ಮ ಓದುಗರು ಬಹಳ ಜಾಣರು. ಓದುತ್ತಾರೆ, ಮೆಚ್ಚುತ್ತಾರೆ, ಮಾಡುವುದಿಲ್ಲ.

ಮಾಡಿದವಳು ರತ್ನವ್ವ ಒಬ್ಬಳೇ.

ಅದಕ್ಕೊಂದು ಕಾರಣವಿತ್ತು. ಆಕೆಯ ಮಗಳು ಸ್ಮಿತಾ ಮೂರನೇ ಇಯತ್ತೆ. ಚಾಕಲೇಟು ತಿಂದು ತಿಂದು ಎರಡು ದವಡೆಹಲ್ಲು ಹುಳುಕಾಗಿ, ಹೋದ ತಿಂಗಳು ಘಟಪ್ರಭಾದ ದವಾಖಾನೆಗೆ ಕರೆದುಕೊಂಡು ಹೋಗಿ ಹಲ್ಲು ತುಂಬಿಸಿಕೊಂಡು ಬಂದಿದ್ದರು. ಈಗ ಹುಟ್ಟುಹಬ್ಬ. ಅವತ್ತೇ, ಆ ಭಾನುವಾರವೇ, ಸಂಜೆ ನಾಲ್ಕಕ್ಕೆ. ಕ್ಲಾಸಿನ ಇಪ್ಪತ್ತು ಮಕ್ಕಳನ್ನು ಕರೆದಾಗಿತ್ತು. ಸ್ಮಿತಾಳಿಗೆ ಕೇಕ್ ಬೇಕು. ಆಕೆಯ ಗೆಳತಿಯ ಮನೆಯಲ್ಲಿ ಮೂಡಲಗಿಯ ಬೇಕರಿಯಿಂದ ಕೇಕ್ ತರಿಸಿದ್ದರಂತೆ.

“ಬೇಕರಿ ಕೇಕಿನ್ಯಾಗ ತತ್ತಿ ಇರತೈತ್ರಿ,” ಅಂದಳು ರತ್ನವ್ವ. “ನಾವು ಜೈನರು. ನಮ್ಮ ಮನ್ಯಾಗ ನಡಿಯೂದಿಲ್ಲ. ಚಾಕಲೇಟ ಡಾಕ್ಟರ್ ಬ್ಯಾಡ ಅಂದಾರ. ಅಷ್ಟರಾಗ ನಿಮ್ಮ ಲೇಖನ ಬಂತ ನೋಡ್ರಿ. ತತ್ತಿ ಇಲ್ಲ, ಮೈದಾ ಇಲ್ಲ, ಸಕ್ಕರಿ ಇಲ್ಲ. ದೇವರ ಕಳಿಸಿದಂಗ ಆತ್ರಿ.”

ಕೇಕಿನ ಬದಲು ಬಿಸ್ಕತ್ತು ಎಂದು ಮಗಳನ್ನು ಹೇಗೋ ಒಪ್ಪಿಸಿದ್ದಳು. ಮನೆಯಲ್ಲೇ ಮಾಡಿದ ಬಿಸ್ಕತ್ತು ಯಾರ ಮನೆಯಲ್ಲೂ ಇರುವುದಿಲ್ಲ, ಗೋಪುರದ ಹಾಗೆ ಜೋಡಿಸೋಣ ಅಂದಿದ್ದಳು.

ಇಷ್ಟಾದ ಮೇಲೆ ಆಕೆ ಬೈಯಬೇಕಿತ್ತು. ಬೈದಿದ್ದರೆ ನನಗೂ ಸಲೀಸಾಗುತ್ತಿತ್ತು. ಆಕೆ ಬೈಯಲಿಲ್ಲ. ಮುಖ ಸಣ್ಣ ಮಾಡಿಕೊಂಡು ಕೇಳಿದಳು.

“ನನ್ನ ಕೈಯಾಗ ಎಲ್ಲೋ ತಪ್ಪಾಗೇತ್ರಿ. ಎಲ್ಲಿ ಅಂತ ಹೇಳಿಕೊಡ್ರಿ ಅಕ್ಕಾರ. ಹತ್ತೂವರೆ ಬಸ್ಸಿಗೆ ಹ್ವಾದ್ರ ಇನ್ನೊಮ್ಮೆ ಮಾಡಾಕ ಟೈಮ್ ಸಿಗತೈತಿ.”

ಆಗ ನಾನೇನು ಮಾಡಿದೆ ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬಿಸ್ಕತ್ತನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಭೀರವಾಗಿ, “ಉರಿ ಹೆಚ್ಚಾಗಿರಬೇಕ ನೋಡ್ರಿ,” ಅಂದೆ. ಹಾಲು ಗಟ್ಟಿ ಇತ್ತೇ ಅಂತ ಕೇಳಿದೆ. ಹಿಟ್ಟು ಹೊಸ ಜೋಳದ್ದೋ ಹಳೇ ಜೋಳದ್ದೋ ಅಂತ ಕೇಳಿದೆ. ರತ್ನವ್ವ ಒಂದೊಂದಕ್ಕೂ ತಲೆಯಾಡಿಸುತ್ತಾ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದಳು.

ಬಾಗಿಲ ಹತ್ತಿರ ನಿಂತಿದ್ದ ಪಲ್ಲವಿ (ನಾಲ್ಕನೇ ಇಯತ್ತೆ, ಎಲ್ಲದಕ್ಕೂ ಬಾಯಿ ಹಾಕುವ ಅಭ್ಯಾಸ) ನಡುವೆ ಬಂದಳು.

“ಮಮ್ಮಿ, ನೀ ಅದ್ರಾಗ ಮೈದಾ ಹಾಕಿದ್ದಿ ಅಲಾ?”

ನಾನು ಕಣ್ಣು ಕೆಕ್ಕರಿಸಿದೆ, ಆಕೆ ಲೆಕ್ಕಿಸಲಿಲ್ಲ.

“ಅರ್ಧಾ ಮೈದಾ, ಅರ್ಧಾ ಜ್ವಾಳ. ಮತ್ತ ಡಾಲ್ಡಾ. ಸೋಡಾನೂ ಹಾಕಿದ್ದಿ. ನಾನ ತಂದ ಕೊಟ್ಟಿದ್ನೆಲ್ಲ!”

ಈಗ ನಿಜ ಹೇಳಿಬಿಡುತ್ತೇನೆ. ನಾನು ಮಾಡಿದ ಬಿಸ್ಕತ್ತು ಚೆನ್ನಾಗಿಯೇ ಇತ್ತು. ಯಾಕಿರಬಾರದು? ಅರ್ಧ ಮೈದಾ, ಕೈತುಂಬ ಡಾಲ್ಡಾ. ಬರೆಯಲು ಕೂತಾಗ ಪೇಚಾಯಿತು. ಮೈದಾದ ವಿರುದ್ಧ ಒಂದು ಪುಟ ಬರೆದು ಕೊನೆಗೆ ಒಂದು ವಾಟಗ ಮೈದಾ ಹಾಕಿ ಎನ್ನುವುದು ಹೇಗೆ? ಪೆನ್ನಿನಲ್ಲೇ ಮೈದಾ ತೆಗೆದೆ. ಪೆನ್ನಿನಲ್ಲೇ ಡಾಲ್ಡಾ ತೆಗೆದು ಎರಡು ಚಮಚ ತುಪ್ಪ ಹಾಕಿದೆ. ಹಾಳೆಯ ಮೇಲೆ ಬಿಸ್ಕತ್ತು ಬಹಳ ಹಗುರಾಗಿ ಬಂತು. ಒಲೆಯ ಮೇಲೆ ಇಟ್ಟು ನೋಡಲೇ ಇಲ್ಲ. ಇನ್ನು ಪಲ್ಲವಿ ಬೇಕರಿಯ ದಾರಿ ಮರೆತ ವಿಷಯ. ಆ ಲೇಖನ ಅಚ್ಚಾದ ದಿನವೇ ಆಕೆ ಅಪ್ಪನ ಸೈಕಲ್ ಮೇಲೆ ಕೂತು ಬೇಕರಿಗೆ ಹೋಗಿ ಕ್ರೀಮ್ ರೋಲ್ ತಿಂದು ಬಂದಿದ್ದಳು.

ರತ್ನವ್ವ ಡಬ್ಬಿಯ ಮುಚ್ಚಳ ಹಾಕಿದಳು. ಮೆಲ್ಲಗೆ.

“ಮೂರ ಸರ್ತಿ ಮಾಡಿದ್ನಿರಿ,” ಅಂದಳು. “ಮೂರೂ ಸರ್ತಿ ನನ್ನ ಕೈಗೇ ಬೈಕೊಂಡ್ನಿ.”

ಸಂಪಾದಕರು ನನ್ನ ಬರಹವನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದಾರೆ. ಓದುಗರು ಕಾರ್ಡ್ ಬರೆದು ಜರೆದಿದ್ದಾರೆ. ಇಷ್ಟು ನಾಟಿದ ಮಾತು ಇನ್ನೊಂದಿಲ್ಲ. ನಾನು ತಪ್ಪಾಯಿತು ಅಂದೆ. ಆ ಶಬ್ದ ಎಷ್ಟು ಸಣ್ಣದು ಅನ್ನುವುದು ಅಂದಮೇಲೆ ತಿಳಿಯಿತು. ಸಂಜೆ ನಾಲ್ಕಕ್ಕೆ ಬರುವ ಇಪ್ಪತ್ತು ಮಕ್ಕಳಿಗೆ ನನ್ನ ತಪ್ಪಾಯಿತನ್ನು ತಟ್ಟೆಯಲ್ಲಿಟ್ಟು ಕೊಡಲು ಬರುತ್ತದೆಯೇ?

ಪೇಪರಿನ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು. “ಕುಂತು ಮಾತಾಡಿದ್ರ ಏನಾಗತೈತಿ? ಬರದವರ ಹೋಗಿ ಮಾಡಿಕೊಟ್ಟು ಬರ್ರಿ.”

ಹತ್ತೂವರೆ ಬಸ್ಸಿನಲ್ಲಿ ನಾವು ಮೂವರಿದ್ದೆವು. ರತ್ನವ್ವ, ನಾನು, ಪಲ್ಲವಿ. ನನ್ನ ಚೀಲದಲ್ಲಿ ಗೋಡಂಬಿ, ಒಣದ್ರಾಕ್ಷಿ, ಏಲಕ್ಕಿ. ಎದೆಯಲ್ಲಿ ಅಳುಕು. ಪಲ್ಲವಿಗೆ ಮಾತ್ರ ಬಲು ಹುರುಪು, ಆಕೆಗೆ ಅದು ಟ್ರಿಪ್.

ಕುಲಗೋಡದ ಆ ಮನೆಯ ಕಟ್ಟೆಯ ಮೇಲೆ ರತ್ನವ್ವನ ಅತ್ತೆ ಕೂತಿದ್ದರು. ಎಪ್ಪತ್ತು ದಾಟಿದ ಜೀವ. ಬಾಯಲ್ಲಿ ನಾಲ್ಕೋ ಐದೋ ಹಲ್ಲು. ಸೊಸೆ ನನ್ನನ್ನು ಪರಿಚಯಿಸಿದಳು. ಅಜ್ಜಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ನೀನ ಏನವಾ ಬಿಸ್ಕೀಟದಾಕಿ?”

ಹೌದೆಂದೆ.

“ನಿನ್ನ ಬಿಸ್ಕೀಟ ಚಹಾದಾಗ ಹಾಕಿದ್ನಿ ನೋಡು. ಚಹಾ ಆರಿತು. ಬಿಸ್ಕೀಟ ಮೆತ್ತಗಾಗಲಿಲ್ಲ.”

ಇದಕ್ಕಿಂತ ಚಿಕ್ಕ, ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಓದಿಲ್ಲ.

ಮೈದಾ ಇಲ್ಲದೆಯೇ ಸರಿಯಾದ ಬಿಸ್ಕತ್ತು ಮಾಡಿಯೇ ತೀರುತ್ತೇನೆ ಎಂಬ ಹಟದಿಂದ ಅಡುಗೆಮನೆಗೆ ನುಗ್ಗಿದೆ. ತುಪ್ಪ ಹೆಚ್ಚು ಹಾಕಿದೆ. ಹಿಟ್ಟು ಹುರಿದೆ. ಉರಿ ಸಣ್ಣಗಿಟ್ಟೆ. ಮುಚ್ಚಳ ತೆಗೆದು ಒಂದನ್ನು ಎತ್ತಿದರೆ, ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರಿತು. ಮೊದಲಿನದು ಕಲ್ಲು, ಇದು ಉಸುಕು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಎಲ್ಲಿಯದು? ದಿನಾ ರೊಟ್ಟಿ ಬಡಿಯುವ ನಾಡಿನಲ್ಲಿ ಹುಟ್ಟಿದವಳಿಗೆ ಇಷ್ಟು ತಿಳಿಯಬೇಡವೇ? ಗಂಟೆ ಒಂದಾಗಿತ್ತು.

ಬಾಗಿಲಲ್ಲಿ ಸ್ಮಿತಾ ನಿಂತಿದ್ದಳು. ಹೊಸ ಲಂಗ, ಎರಡು ಜಡೆ. ನನ್ನ ಕೈಯಿಂದ ಉದುರಿದ ಪುಡಿಯನ್ನೇ ನೋಡುತ್ತಿದ್ದಳು.

“ಅವ್ವಾ,” ಅಂದಳು, “ನಾ ಎಲ್ಲಾರಿಗೂ ಕೇಕ್ ಅಂತ ಹೇಳಿಬಿಟ್ಟೇನಿ.”

“ಬಿಸ್ಕೀಟ ಅಂತ ಹೇಳು ಅಂದಿದ್ನೆಲ್ಲ ಬಾಳಾ?”

“ಶಿಲ್ಪಾ ನಗತಾಳ ಅಂತ ಕೇಕ್ ಅಂದ್ನಿ.” ಹೇಳುತ್ತ ಹೇಳುತ್ತ ಆಕೆಯ ಕಣ್ಣು ತುಂಬಿದವು.

ರತ್ನವ್ವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಒಲೆಯ ಮುಂದೆ ಕೂತು ಅತ್ತುಬಿಡುತ್ತಿದ್ದೆ.

ಅಷ್ಟರಲ್ಲಿ ಅಜ್ಜಿ ಕಟ್ಟೆಯಿಂದ ಎದ್ದು ಒಳಗೆ ಬಂದರು. ಹೆಂಚಿನಂಥ ಆ ಬಿಸ್ಕತ್ತುಗಳ ಡಬ್ಬಿಯನ್ನು ಎತ್ತಿಕೊಂಡು ಹಿತ್ತಲಿಗೆ ನಡೆದರು. ದನಕ್ಕೆ ಹಾಕುತ್ತಾರೆ ಅಂದುಕೊಂಡೆ. ಹಿತ್ತಲಲ್ಲಿ ಕಲ್ಲಿನ ಒರಳಿತ್ತು. ತೊಳೆದು ಒರೆಸಿ, ಡಬ್ಬಿಯನ್ನು ಅದರೊಳಗೆ ಬೋರಲು ಹಾಕಿದರು. ಕಲ್ಲಿನ ಮೇಲೆ ಕಲ್ಲು ಬಿದ್ದ ಸದ್ದಾಯಿತು.

“ಕುಟ್ರಿ,” ಅಂದರು.

“ಯಾಕ್ರಿ ಅತ್ತಿ?” ಅಂದಳು ರತ್ನವ್ವ.

“ಮಾದಲಿಗೆ ದಪ್ಪ ಚಪಾತಿ ಬೇಸಿ ಕುಟ್ಟತೇವಿಲ್ಲ? ಅವು ಬೆಂದಾವ. ಬೆಲ್ಲಾನೂ ಅದರಾಗ ಐತಿ. ಹಾಳ ಯಾಕ ಮಾಡಬೇಕು? ಕುಟ್ರಿ.”

ನಮ್ಮ ಕಡೆ ಮಾದಲಿ ಯಾರಿಗೆ ಗೊತ್ತಿಲ್ಲ? ಗೋಧಿಯ ದಪ್ಪ ಚಪಾತಿ ಬೇಯಿಸಿ, ತರಿತರಿಯಾಗಿ ಕುಟ್ಟಿ, ಬೆಲ್ಲ, ಪುಟಾಣಿ (ಹುರಿಗಡಲೆ), ಒಣಕೊಬ್ಬರಿ ಕಲಸಿ, ಹಾಲು ತುಪ್ಪ ಸುರಿದುಕೊಂಡು ತಿನ್ನುವ ಸಿಹಿ. ನಾನು ಎಷ್ಟು ಮದುವೆಗಳಲ್ಲಿ ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದೇನೆ! ನನಗೆ ಹೊಳೆದಿತ್ತೇ? ಇಲ್ಲ. ಮಕ್ಕಳಿಗೆ ಆರೋಗ್ಯಕರ ಸಿಹಿ ಎಂದ ಕೂಡಲೇ ನನಗೆ ನೆನಪಾಗುವುದು ಬಿಸ್ಕತ್ತು.

ಒಂದು ಒನಕೆ ರತ್ನವ್ವನ ಕೈಗೆ, ಒಂದು ನನ್ನ ಕೈಗೆ. ಆಕೆ ಒಂದು ಪೆಟ್ಟು, ನಾನೊಂದು ಪೆಟ್ಟು. ಬಿಸ್ಕತ್ತು ಬಗ್ಗುವ ಜಾತಿಯದಲ್ಲ. ಹಾರಿ ಹಾರಿ ಹೊರಗೆ ಬೀಳುತ್ತಿದ್ದವನ್ನು ಸ್ಮಿತಾ, ಪಲ್ಲವಿ ಹಿಡಿದು ಒಳಗೆ ಹಾಕುತ್ತಿದ್ದರು. ಹತ್ತು ನಿಮಿಷಕ್ಕೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು.

“ಬರಿಯೋ ಕೈ,” ಅಂದರು ಅಜ್ಜಿ. ಅದು ಕನಿಕರವೋ ಕುಟುಕೋ ಈಗಲೂ ಗೊತ್ತಾಗಿಲ್ಲ. ಅಲ್ಲಿಯವರೆಗೆ ಬಿಗಿದುಕೊಂಡೇ ಇದ್ದ ರತ್ನವ್ವ ಮೊದಲ ಸಲ ನಕ್ಕಳು. ನಾನೂ ನಕ್ಕೆ. ಒನಕೆಯ ತಾಳ ತಪ್ಪಿತು, ಇನ್ನಷ್ಟು ನಕ್ಕೆವು.

ಪುಡಿಗೆ ಪುಟಾಣಿ ಹಿಟ್ಟು, ಹುರಿದ ಎಳ್ಳು, ನಾನು ತಂದ ಗೋಡಂಬಿ ಏಲಕ್ಕಿ ಬಿತ್ತು. ಅಜ್ಜಿ ಬೆಲ್ಲದ ಪಾಕಕ್ಕೆ ಇಟ್ಟರು. ಪಾತ್ರೆಗೆ ಬೀಳುತ್ತಿದ್ದ ಬೆಲ್ಲದ ಹೆಂಟೆಗಳನ್ನು ನೋಡಿ ನನ್ನೊಳಗಿನ ಅಂಕಣಕಾರ್ತಿ ಮತ್ತೆ ಎದ್ದಳು.

“ಅಜ್ಜಿ, ಬೆಲ್ಲ ಸ್ವಲ್ಪ ಕಡಿಮಿ ಮಾಡೂನೇನ್ರಿ? ಹುಡುಗಿ ಹಲ್ಲು...”

ಅಜ್ಜಿ ಸೌಟು ತಿರುವುವುದನ್ನು ನಿಲ್ಲಿಸಲಿಲ್ಲ. “ಹುಟ್ಟಿದ ದಿನಾ ವರ್ಷಕ್ಕ ಒಂದ ಸರ್ತಿ ಬರತೈತಿ. ಕಡಿಮಿ ಮಾಡೂದಿದ್ರ ದಿನಾ ಕೊಡೋ ಚಾಕಲೇಟ ಕಡಿಮಿ ಮಾಡ್ರಿ. ಅಳತಾಳ ಅಂತ ಕೊಡಾವ್ರು ನೀವು. ಆಮ್ಯಾಗ ಬೆಲ್ಲದ ಮ್ಯಾಲ ಸಿಟ್ಟು.”

ರತ್ನವ್ವ ನೆಲ ನೋಡಿದಳು. ನಾನು ಪಲ್ಲವಿಯನ್ನು ನೋಡಿದೆ. ಪಲ್ಲವಿ ಆಕಾಶ ನೋಡಿದಳು.

ಇನ್ನು ಉಳಿದದ್ದು ಆಕಾರ. ಉಂಡೆ ಕಟ್ಟೋಣ ಅಂದೆ. ಸ್ಮಿತಾಳ ಮುಖ ಮತ್ತೆ ಇಳಿಯಿತು. ಉಂಡೆ ಎಲ್ಲರ ಮನೆಯಲ್ಲೂ ಇರುತ್ತದೆ, ಕೇಕ್ ಅಂತ ಹೇಳಿಯಾಗಿದೆ. ಆಗ ರತ್ನವ್ವ ಅಗಲವಾದ ಬೋಗುಣಿಯೊಂದನ್ನು ತಂದು ಒಳಗೆಲ್ಲ ತುಪ್ಪ ಸವರಿ, ಬಿಸಿ ಇರುವಾಗಲೇ ಅಷ್ಟನ್ನೂ ಅದಕ್ಕೆ ತುಂಬಿ, ವಾಟಗದ ತಳದಿಂದ ಒತ್ತಿ ಒತ್ತಿ ಸಮ ಮಾಡಿದಳು. ಆರಿದ ಮೇಲೆ ದೊಡ್ಡ ಪರಾತದ ಮೇಲೆ ಬೋರಲು ಹಾಕಿ, ಬೆನ್ನಿಗೆ ಎರಡು ಗುದ್ದು ಕೊಟ್ಟು ಎತ್ತಿದಳು.

ದುಂಡಗೆ, ನುಣ್ಣಗೆ, ಒಂದು ಚೂರೂ ಒಡೆಯದೆ ಕೂತಿತ್ತು.

ಪಲ್ಲವಿ ಮೇಲೆಲ್ಲ ಬಿಳೀ ಕೊಬ್ಬರಿ ತುರಿ ಉದುರಿಸಿದಳು. ಒಣದ್ರಾಕ್ಷಿಯಲ್ಲಿ ಹೆಸರು ಬರೆಯಲು ಹೊರಟು “ಸ್ಮಿ” ಬರೆಯುವಷ್ಟರಲ್ಲಿ ದ್ರಾಕ್ಷಿ ಮುಗಿಯಿತು. (ಅರ್ಧ ಆಕೆಯೇ ತಿಂದಿದ್ದಳು.) ಯಾರೂ ತಕರಾರು ಮಾಡಲಿಲ್ಲ.

ನಾಲ್ಕಕ್ಕೆ ಮಕ್ಕಳು ಬಂದರು. ಇಪ್ಪತ್ತು ಅಂದದ್ದು ಇಪ್ಪತ್ತಾರಾಯಿತು, ತಮ್ಮಂದಿರು ತಂಗಿಯರನ್ನು ಮೊದಲು ಲೆಕ್ಕ ಹಿಡಿದಿರಲಿಲ್ಲ. ರತ್ನವ್ವ ಮೇಣದ ಬತ್ತಿ ಹಚ್ಚಲು ಹೋದಳು, ಅಜ್ಜಿ ತಡೆದರು. “ಹುಟ್ಟಿದ ದಿನಾ ದೀಪಾ ಹಚ್ಚತಾರ, ಆರಿಸೂದಿಲ್ಲ.” ಹಾಗಾಗಿ ಒಂದು ಕಡೆ ಅಜ್ಜಿ ಆರತಿ ಬೆಳಗುತ್ತಿದ್ದರೆ, ಇನ್ನೊಂದು ಕಡೆ ಮಕ್ಕಳು ಚಪ್ಪಾಳೆ ತಟ್ಟಿ ಹ್ಯಾಪಿ ಬರ್ತ್‌ಡೇ ಎಂದು ಕಿರುಚುತ್ತಿದ್ದರು. ಎರಡೂ ಒಂದಕ್ಕೊಂದು ಚೆನ್ನಾಗಿಯೇ ಹೊಂದಿದವು. ಸ್ಮಿತಾ ಚಾಕು ಇಟ್ಟಳು. ಸಲೀಸಾಗಿ ಇಳಿಯಿತು. ನಾನು ಉಸಿರು ಬಿಟ್ಟೆ.

ಮೊದಲ ತುಂಡುಗಳಲ್ಲೊಂದು ಶಿಲ್ಪಾಳಿಗೆ ಹೋಯಿತು. ಮೂಡಲಗಿಯ ಕೇಕ್ ತರಿಸಿದ್ದು ಇವಳ ಮನೆಯಲ್ಲೇ. ಕಚ್ಚಿದಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು.

“ಇದು ಕೇಕ್ ಅಲ್ಲ,” ಅಂದಳು ಎಲ್ಲರಿಗೂ ಕೇಳುವ ಹಾಗೆ. “ಇದು ಮಾದಲಿ!”

ಇಪ್ಪತ್ತೈದು ಮುಖ ಸ್ಮಿತಾಳ ಕಡೆ ತಿರುಗಿದವು. ತಟ್ಟೆ ಹಂಚುತ್ತಿದ್ದ ರತ್ನವ್ವನ ಕೈ ಅಲ್ಲೇ ನಿಂತಿತು.

ಸ್ಮಿತಾ ಗದ್ದ ಎತ್ತಿ ಅಜ್ಜಿಯ ಕಡೆ ಕೈ ತೋರಿಸಿದಳು.

“ಹೂಂ. ಮಾದಲಿ ಕೇಕ. ನಮ್ಮ ಆಯಿ ಮಾಡ್ಯಾಳ. ಮೂಡಲಗಿ ಬೇಕರಿಯಾಗ ಸಿಗೂದಿಲ್ಲ.”

ಶಿಲ್ಪಾ ಒಂದು ಕ್ಷಣ ಯೋಚಿಸಿದಳು. ಬೇಕರಿಯಲ್ಲಿ ಸಿಗುವುದಿಲ್ಲ ಅನ್ನುವುದು ನಿಜವೇ ಆಗಿತ್ತು. ಇನ್ನೊಂದು ತುತ್ತು ಕಚ್ಚಿದಳು.

“ನನಗ ಮೂಲಿ ತುಂಡ ಬೇಕ. ಗೋಡಂಬಿ ಇದ್ದದ್ದು,” ಅಂದಳು. ದುಂಡನೆಯ ಕೇಕಿಗೆ ಮೂಲೆ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ಆಗಲೇ ಕೈ ಚಾಚಿದ್ದರು.

ಎಲ್ಲ ಮಕ್ಕಳೂ ಚಪ್ಪರಿಸಿ ತಿಂದರು ಎಂದು ಬರೆಯಲು ಪೆನ್ನು ತುಡಿಯುತ್ತಿದೆ. ಬರೆಯುವುದಿಲ್ಲ. ಇಬ್ಬರು ಅರ್ಧಕ್ಕೆ ಬಿಟ್ಟು ಚುರುಮುರಿ ತಿಂದರು. ಒಬ್ಬ ಪುಟ್ಟ ಕೊನೆಯವರೆಗೂ “ಕ್ರೀಮ್ ಎಲ್ಲೈತಿ?” ಅಂತ ಕೇಳುತ್ತಲೇ ಇದ್ದ. ಉಳಿದವರು ಪರಾತ ಖಾಲಿ ಮಾಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಅಜ್ಜಿ ನೀರಿನ ಹಂಡೆಯ ಹತ್ತಿರ ತಂಬಿಗೆ ಹಿಡಿದು ನಿಂತರು. “ಬಾಯಿ ಮುಕ್ಕಳಿಸದ ಯಾರೂ ಹೊಸ್ತಿಲಾ ದಾಟೂದಿಲ್ಲ!” ಇಪ್ಪತ್ತಾರು ಮಕ್ಕಳು ಸಾಲಾಗಿ ನಿಂತು ಗುಳಗುಳ ಅನ್ನಿಸಿ, ಯಾರು ದೂರ ಉಗುಳುತ್ತಾರೆ ಎಂದು ಪೈಪೋಟಿ ಹೂಡಿದರು. ಇಡೀ ಸಮಾರಂಭದಲ್ಲಿ ಸ್ಮಿತಾಳ ಹಲ್ಲಿಗೆ ನಿಜವಾಗಿ ಒಳ್ಳೆಯದಾದದ್ದು ಆ ಒಂದು ತಂಬಿಗೆ ನೀರೇ ಇರಬೇಕು. ಬೆಲ್ಲವೋ ಸಕ್ಕರೆಯೋ, ಹಲ್ಲಿನ ಹುಳಕ್ಕೇನು ಗೊತ್ತು? ನನ್ನ ಲೇಖನದಲ್ಲಿ ಆ ಒಂದು ಮಾತು ಇರಲಿಲ್ಲ.

ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮುಂಚೆ ಅಲ್ಲಿ ಊಟವಾಗಬೇಕು. ನಮಗೂ ಬಡಿಸಿದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅಜ್ಜಿ ನನ್ನ ಬೊಬ್ಬೆಯ ಕೈಗೆ ತುಪ್ಪ ಸವರಿ, “ನಾಕ ದಿನಾ ಬರಿಯೂದು ಬಿಡು,” ಅಂದರು. ಬಸ್ ಸ್ಟ್ಯಾಂಡಿನವರೆಗೆ ರತ್ನವ್ವ ಬಂದಳು. ಬಸ್ಸಿನ ಕಿಟಕಿಯ ಹತ್ತಿರ ನಿಂತಾಗ ನಾನು ತಡೆಯಲಾರದೆ ಕೇಳಿದೆ, ಇನ್ನು ಮೇಲೆ ನನ್ನ ಅಂಕಣ ಓದುತ್ತೀರಾ ಅಂತ.

“ಓದತೇನ್ರಿ ಅಕ್ಕಾರ. ಯಾಕ ಬಿಡ್ಲಿ?” ಅಂದಳು. ಆಮೇಲೆ ನಕ್ಕಳು. “ಆದ್ರ ಇನ್ ಮ್ಯಾಲ ಮೊದಲ ಒಂದ ಮಾಡಿ ನೋಡತೇನಿ. ಆಮ್ಯಾಗ ಇಪ್ಪತ್ತು.”

ಬಸ್ ಹೊರಟಿತು. ಪಲ್ಲವಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಆಕೆಯ ಮೇಲೆ ನನಗೆ ಬೆಳಿಗ್ಗೆ ಸಿಟ್ಟು ಬಂದಿತ್ತು, ಮನೆಗೆ ಹೋಗಿ ನೋಡಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಬಸ್ ಜೋರಾಗಿ ಕುಲುಕಿದಾಗಲೆಲ್ಲ ಆಕೆಯ ತಲೆ ಹಿಡಿದುಕೊಂಡೆ. ಮಕ್ಕಳಿಗೆ ಏನು ತಿನ್ನಿಸಬೇಕು ಎಂದು ನಾವು ಊರಿಗೆಲ್ಲ ಹೇಳುತ್ತೇವೆ. ನಾವು ಏನು ತಿನ್ನಿಸಿದ್ದೇವೆ ಅನ್ನುವುದು ಗೊತ್ತಿರುವುದು ಅವರಿಗಷ್ಟೇ.

ಅದಕ್ಕೇ ಕೇಳುತ್ತಿದ್ದೇನೆ: ಪೇಪರಿನಲ್ಲಿ ಓದಿದ ಅಡುಗೆಯನ್ನು ಒಲೆಗೆ ಏರಿಸುವ ಮುಂಚೆ, ಬರೆದವರ ಮಕ್ಕಳನ್ನು ಒಂದು ಮಾತು ಕೇಳಿದ್ದೀರಾ?